ಮಳೆ ಪುಸ್ತಕ ಮತ್ತು ಮೀನಿನ ಫೋಟೋ

ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. “ನೀನು ಸಮುದ್ರದೊಳಗೆ ಮುಳುಗಿ ಫೋಟೋ ತೆಗೀತೀಯಂತಲ್ಲ ಮಾರಾಯ, ಆ ಮದ್ರಾಸ್ ಸಮುದ್ರದಲ್ಲಿ ಎಂತ ಕಾಣ್ತದೆ?” ಕೇಳುವವರು ಟೀವಿಯಲ್ಲಿ ಬಣ್ಣಬಣ್ಣದ ಮೀನುಗಳನ್ನು ನೋಡಿದವರು. ಮರೀನಾ ಬೀಚಿನಲ್ಲಿ ಕಾಲು ಒದ್ದೆ ಮಾಡಿಕೊಂಡು ಸುಂಡಲ್ ತಿಂದು ಬಂದವರೂ ಹೌದು. ಈ ಎರಡು ಚಿತ್ರಗಳು ಅವರ ತಲೆಯಲ್ಲಿ ಒಂದಕ್ಕೊಂದು ಹೊಂದೋದೇ ಇಲ್ಲ.

ನನ್ನ ಉತ್ತರವೂ ಒಂದೇ. ಹೆಚ್ಚಿನ ದಿನ ಏನೂ ಕಾಣೋದಿಲ್ಲ!

ಹಾಗಂದ ಕೂಡಲೇ ಅವರು ನನ್ನನ್ನು ನೋಡುವ ರೀತಿ ಇದೆಯಲ್ಲ... ಇಷ್ಟು ದುಡ್ಡು ಸುರಿದು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಏನೂ ಕಾಣದ ಕಡೆ ಮುಳುಗುವವನಿಗೆ ಎಲ್ಲೋ ಒಂದು ತಿರುಪು ಸಡಿಲ ಅಂತ ತೀರ್ಮಾನ ಆಗಿಬಿಡುತ್ತದೆ. ಹಾಗಾಗಿ ಒಂದು ಸಲ ಕೂತು ಎಲ್ಲವನ್ನೂ ಹೇಳಿಬಿಡೋಣ ಅಂತ ಈ ಬರಹ. ಈಗಲೇ ಯಾಕೆ ಅನ್ನೋದಕ್ಕೂ ಕಾರಣ ಇದೆ, ಮುಂದೆ ಹೇಳ್ತೀನಿ.

ನಾನು ಸಾಗರದ ಕಡೆಯವನು. ಸಾಗರ ಅಂದರೆ ಸಮುದ್ರವಲ್ಲ, ಶಿವಮೊಗ್ಗ ಜಿಲ್ಲೆಯ ಸಾಗರ. ಹೆಸರಿನಲ್ಲಿ ಮಾತ್ರ ಸಮುದ್ರ ಇರುವ ಊರು. 1991ರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ ಇದು ಇನ್ನೂ ಮದ್ರಾಸ್ ಆಗಿತ್ತು. ಚೆನ್ನೈ ಅಂತ ಹೆಸರು ಬದಲಾಗಿದ್ದು 1996ರಲ್ಲಿ. ಎರಡು ವರ್ಷ ಇದ್ದು ಬೆಂಗಳೂರಿಗೆ ವರ್ಗ ಮಾಡಿಸಿಕೊಂಡರಾಯಿತು ಅಂತ ಬಂದವನು ಇಲ್ಲೇ ಉಳಿದೆ. ತಿರುವಾನ್ಮಿಯೂರಿನಲ್ಲಿ ಮನೆ ಆಯಿತು, ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಬೆಳೆದರು. ಈಜು ಬರುತ್ತಿತ್ತು, ತೋಟದ ಕೆರೆಯಲ್ಲಿ ಕಲಿತಿದ್ದು. ಆದರೆ ಸಮುದ್ರ ಅಂದರೆ ಮನೆಯಿಂದ ಹತ್ತು ನಿಮಿಷ ನಡೆದು ಹೋಗಿ ಗಾಳಿ ಕುಡಿಯುವ ಜಾಗ, ಅಷ್ಟೇ.

ಮುಳುಗಲು ಕಲಿತದ್ದು 2007ರ ಜನವರಿಯಲ್ಲಿ, ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ (2018ರಲ್ಲಿ ಅದಕ್ಕೆ ಸ್ವರಾಜ್ ದ್ವೀಪ ಅಂತ ಹೆಸರಿಟ್ಟರು). ಚೆನ್ನೈನವರಿಗೆ ಅಂಡಮಾನ್ ಒಂಥರಾ ಪಕ್ಕದ ಊರು. ವಿಮಾನದಲ್ಲಿ ಎರಡು ಗಂಟೆ ಸ್ವಲ್ಪ ಮೇಲೆ. ಆಫೀಸಿನ ನಾಲ್ಕು ಜನ ಸೇರಿ ಹೋಗಿದ್ದೆವು. ಮೂವರು ಒಂದೊಂದು ಸಲ ಮುಳುಗಿ, ಫೋಟೋ ಹೊಡೆಸಿಕೊಂಡು, ಊಟಕ್ಕೆ ಹೋದರು. ನಾನು ಮಾತ್ರ ಅಲ್ಲೇ ಉಳಿದು ಕೋರ್ಸಿಗೆ ಸೇರಿಕೊಂಡೆ.

ಎರಡನೇ ಪ್ರವಾಸದಲ್ಲೇ ಕ್ಯಾಮೆರಾ ಜೊತೆಗೆ ಬಂತು. ಸಣ್ಣ ಡಿಜಿಟಲ್ ಕ್ಯಾಮೆರಾ, ಅದಕ್ಕೊಂದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಹವಳದ ಮೇಲೆ ಕೆಂಪು ಮೀನು, ಅದೇನು ಬಣ್ಣ! ಮೇಲೆ ಬಂದು ಹೆಂಡತಿಗೆ ತೋರಿಸಿದರೆ ಎಲ್ಲ ಫೋಟೋಗಳೂ ಒಂದೇ ಥರ, ಪಾಚಿಗಟ್ಟಿದ ನೀಲಿ. “ನಮ್ಮ ಬಾವಿಗೆ ಬಗ್ಗಿ ನೋಡಿದರೂ ಹೀಗೇ ಕಾಣುತ್ತೆ, ಇದಕ್ಕೆ ಅಂಡಮಾನಿಗೆ ಹೋಗಬೇಕಿತ್ತಾ?” ಅಂದಳು.

ಕಾರಣ ಸರಳ. ನೀರು ಬೆಳಕನ್ನು ನುಂಗುತ್ತದೆ. ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಅಲ್ಲ, ಒಂದೊಂದಾಗಿ. ಮೊದಲು ಹೋಗುವುದು ಕೆಂಪು. ಐದಾರು ಮೀಟರ್ ಇಳಿಯುವುದರೊಳಗೆ ಅದರ ಬಹುಪಾಲು ಖಾಲಿ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಇಪ್ಪತ್ತು ಮೀಟರಿನಲ್ಲಿ ಬೆರಳು ಕುಯ್ದುಕೊಂಡರೆ ರಕ್ತ ಕೂಡ ಹಸಿರುಗಪ್ಪಾಗಿ ಕಾಣುತ್ತದೆ. ನಮ್ಮ ಕಣ್ಣು, ಮಿದುಳು ಸೇರಿ ಸ್ವಲ್ಪ ಹೊಂದಾಣಿಕೆ ಮಾಡಿಕೊಂಡು ಬಣ್ಣ ಇದೆ ಅಂತ ನಂಬಿಸುತ್ತವೆ. ಕ್ಯಾಮೆರಾಗೆ ಆ ದಾಕ್ಷಿಣ್ಯ ಇಲ್ಲ. ಇದರ ಜೊತೆಗೆ ನೀರೊಳಗೆ ವಸ್ತುಗಳು ಕಾಲುಭಾಗ ಹತ್ತಿರದಲ್ಲಿ, ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತವೆ. ಮೀನು ಹಿಡಿದವರು ಕೈ ಅಗಲಿಸಿ “ಇಷ್ಟು ದೊಡ್ಡದಿತ್ತು” ಅನ್ನುತ್ತಾರಲ್ಲ, ಮುಳುಗುವವರಾದ ನಮಗೆ ಆ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ ನೋಡಿ.

ಪರಿಹಾರ ಎರಡು. ಒಂದು, ಬೆಳಕನ್ನು ನಾವೇ ತೆಗೆದುಕೊಂಡು ಹೋಗುವುದು, ಅಂದರೆ ಫ್ಲಾಶ್. ಇನ್ನೊಂದು, ಒಂದು ಬಿಳಿ ಹಲಗೆ ಹಿಡಿದು “ಇದೇ ಬಿಳಿ ಕಣಪ್ಪ” ಅಂತ ಕ್ಯಾಮೆರಾಗೆ ತಿಳಿಸಿ ಹೇಳುವುದು. ಆಳ ಬದಲಾದಾಗಲೆಲ್ಲ ಮತ್ತೆ ಹೇಳಬೇಕು. ಈ ಬಿಳಿ ಹಲಗೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈ ಹುಚ್ಚು ಹೊಸದೇನಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. 1856ರಲ್ಲೇ ಇಂಗ್ಲೆಂಡಿನಲ್ಲಿ ವಿಲಿಯಂ ಥಾಂಪ್ಸನ್ ಎಂಬಾತ ವೇಮತ್ ಕೊಲ್ಲಿಯಲ್ಲಿ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ದೋಣಿಯಿಂದ ಹಗ್ಗದಲ್ಲಿ ಇಳಿಬಿಟ್ಟ. 1893ರಲ್ಲಿ ಫ್ರಾನ್ಸಿನ ಲೂಯಿ ಬೂತಾನ್ ತಾನೇ ಮುಳುಗುಡುಗೆ ತೊಟ್ಟು ಕೆಳಗಿಳಿದು ಫೋಟೋ ತೆಗೆದ. ಅವನ ಕ್ಯಾಮೆರಾ ಪೆಟ್ಟಿಗೆ ಮಾಡಿಕೊಡಲು ಅವನ ಅಣ್ಣತಮ್ಮಂದಿರಲ್ಲೇ ಒಬ್ಬ ಎಂಜಿನಿಯರ್ ಇದ್ದ! ಬಣ್ಣದ ಚಿತ್ರಕ್ಕೆ ಇನ್ನೂ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. 1927ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಫ್ಲಾರಿಡಾದ ಹತ್ತಿರ ತೆಗೆದ ಮೀನಿನ ಬಣ್ಣದ ಫೋಟೋಗಳನ್ನು ಅಚ್ಚು ಹಾಕಿತು. ಅದಕ್ಕಾಗಿ ನೀರಿನ ಮೇಲೆ ತೇಲುವ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸ್ಫೋಟಿಸಿ ಬೆಳಕು ಮಾಡಿದ್ದರಂತೆ. ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಇಟ್ಟುಕೊಂಡು “ಬಣ್ಣ ಬರಲಿಲ್ಲ” ಅಂತ ಗೊಣಗುವ ನಾವು ಇದನ್ನೆಲ್ಲ ಒಂದು ಸಲ ಓದಬೇಕು.

ನಮ್ಮ ಕನ್ನಡದವರಿಗೂ ಈ ವಿಷಯದಲ್ಲಿ ಒಂದು ಕಥೆ ಇದೆ. 1987ರಲ್ಲಿ ಶಂಕರ್‌ನಾಗ್ ‘ಒಂದು ಮುತ್ತಿನ ಕಥೆ’ ಮಾಡಿದರು. ಸ್ಟೈನ್‌ಬೆಕ್‌ನ ‘ದಿ ಪರ್ಲ್’ ಕಾದಂಬರಿ ಅದಕ್ಕೆ ಆಧಾರ. ಮುತ್ತು ತೆಗೆಯುವವನ ಪಾತ್ರದಲ್ಲಿ ಡಾ. ರಾಜ್‌ಕುಮಾರ್. ನೀರಿನೊಳಗಿನ ದೃಶ್ಯಗಳಿಗಾಗಿ ತಂಡ ಮಾಲ್ಡೀವ್ಸ್‌ವರೆಗೆ ಹೋಗಿತ್ತು. ಅಣ್ಣಾವ್ರಿಗೆ ಆಗ ಐವತ್ತೆಂಟರ ಹತ್ತಿರ ವಯಸ್ಸು. ಸಾಗರದ ಟಾಕೀಸಿನಲ್ಲಿ ನಾನು ಅದನ್ನು ನೋಡಿದಾಗ, ಅವರು ಅಷ್ಟು ಹೊತ್ತು ಉಸಿರು ಹೇಗೆ ಹಿಡಿದಿದ್ದರು ಅಂತ ಪಕ್ಕದವರ ಜೊತೆ ದೊಡ್ಡ ಚರ್ಚೆಯೇ ಆಗಿತ್ತು. ಆ ಚಿತ್ರ ಬಂದ ಮೂವತ್ತೈದು ವರ್ಷಗಳಿಗೆ, 2022ರ ಅಕ್ಟೋಬರ್ 28ರಂದು, ‘ಗಂಧದ ಗುಡಿ’ ತೆರೆಗೆ ಬಂತು. ಅದರಲ್ಲಿ ಅಮೋಘವರ್ಷ ಜೊತೆ ಪುನೀತ್ ನೇತ್ರಾಣಿಯ ನೀರಿಗೆ ಇಳಿಯುತ್ತಾರೆ. ಒಂದು ವರ್ಷದ ಹಿಂದೆ, 2021ರ ಅಕ್ಟೋಬರ್ 29ಕ್ಕೆ, ಅವರು ನಮ್ಮನ್ನು ಬಿಟ್ಟು ಹೋಗಿದ್ದರು. ಚೆನ್ನೈನ ಥಿಯೇಟರಿನಲ್ಲಿ ಅದನ್ನು ನೋಡುತ್ತಿದ್ದಾಗ ಸುತ್ತ ಕೂತವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಪುನೀತ್ ಹುಟ್ಟಿದ್ದೂ ಇದೇ ಊರಿನಲ್ಲಿ, 1975ರಲ್ಲಿ. ಅಪ್ಪ ನೀರಿಗಿಳಿಯಲು ಮಾಲ್ಡೀವ್ಸ್‌ಗೆ ಹೋಗಬೇಕಾಯಿತು, ಮಗ ಉತ್ತರ ಕನ್ನಡದಲ್ಲೇ ಇಳಿದ. ನಡುವಿನ ಮೂವತ್ತೈದು ವರ್ಷದಲ್ಲಿ ನಮ್ಮ ಕಡಲಿನ ಒಳಗನ್ನು ನಾವೇ ನೋಡುವಂತಾಯಿತು ಅನ್ನೋದು ಸಣ್ಣ ಮಾತಲ್ಲ.

ನೇತ್ರಾಣಿಗೆ ಹೋಗದವರಿಗೆ ಹೇಳುವುದಾದರೆ, ಅದು ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ. ಮೇಲಿಂದ ನೋಡಿದರೆ ಹೃದಯದ ಆಕಾರ ಅಂತಾರೆ. ನೌಕಾಪಡೆಯವರು ಅದನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿದ್ದ ಕಾಲವೂ ಇತ್ತು. ಮಳೆಗಾಲದಲ್ಲಿ ಅತ್ತ ದೋಣಿ ಹೋಗೋದಿಲ್ಲ. ನನಗಂತೂ ಊರಿಗೆ ಹೋಗುವುದಕ್ಕೆ ಅದೊಂದು ನೆಪ. ಜೋಗ ದಾಟಿ ಘಟ್ಟ ಇಳಿದರೆ ಹೊನ್ನಾವರ, ಅಲ್ಲಿಂದ ಮುರ್ಡೇಶ್ವರ ಎಷ್ಟು ದೂರ?

ಇನ್ನು ಚೆನ್ನೈ ಸಮುದ್ರಕ್ಕೆ ಬರೋಣ. ಇಲ್ಲಿ ನೀರು ಕದಡಿರುವುದಕ್ಕೆ ಬರೀ ಕೊಳಕು ಕಾರಣವಲ್ಲ. ಈ ದಂಡೆಯ ಮರಳು ಒಂದು ಕಡೆ ನಿಲ್ಲೋದೇ ಇಲ್ಲ. ವರ್ಷದ ಹೆಚ್ಚಿನ ಕಾಲ ಅಲೆಗಳು ಅದನ್ನು ತೆಂಕಲಿಂದ ಬಡಗಿಗೆ ತಳ್ಳುತ್ತಲೇ ಇರುತ್ತವೆ. 19ನೇ ಶತಮಾನದ ಕೊನೆಯಲ್ಲಿ ಬಂದರಿನ ಗೋಡೆ ಕಟ್ಟಿದಾಗ ಆ ಮರಳು ಗೋಡೆಯ ದಕ್ಷಿಣಕ್ಕೆ ಬಂದು ನಿಂತಿತು, ಮರೀನಾ ಬೀಚು ಅಷ್ಟು ಅಗಲವಾಯಿತು. ಉತ್ತರಕ್ಕೆ ಮರಳು ಸಿಗದೆ ರಾಯಪುರಂ ಕಡೆಯ ದಂಡೆಯನ್ನು ಸಮುದ್ರ ತಿಂದಿತು. ಒಂದು ಕಡೆ ಜನ ಗಾಳಿಪಟ ಹಾರಿಸುವ ಜಾಗ, ಇನ್ನೊಂದು ಕಡೆ ಕಲ್ಲು ಸುರಿದು ಮನೆ ಉಳಿಸಿಕೊಳ್ಳುವ ಜಾಗ. ಎರಡಕ್ಕೂ ಕಾರಣ ಒಂದೇ ಗೋಡೆ. ಇದರ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು, ಆಗ ಕೂವಂ, ಅಡ್ಯಾರ್ ನದಿಗಳು ಊರಿನ ಕೊಳೆಯನ್ನೆಲ್ಲ ತಂದು ಸುರಿಯುತ್ತವೆ.

ಆದರೆ ಕೆಲವು ದಿನ, ನೀಲಾಂಗರೈ ಅಥವಾ ಕೋವಳಂ ಕಡೆಯಿಂದ ದೋಣಿಯಲ್ಲಿ ಹೊರಗೆ ಹೋದರೆ, ನೀರು ತೆರೆದುಕೊಳ್ಳುತ್ತದೆ. ಅದು ಯಾವ ದಿನ ಅಂತ ಯಾವ ಮೊಬೈಲ್ ಆಪ್ ಹೇಳುವುದಕ್ಕಿಂತಲೂ ಚೆನ್ನಾಗಿ ನಮ್ಮ ದೋಣಿಯವರು ಹೇಳುತ್ತಾರೆ. ಇಲ್ಲಿನ ಮೀನುಗಾರರಿಗೆ ಒಂದೊಂದು ನೀರಿನ ಸೆಳೆತಕ್ಕೂ ಒಂದೊಂದು ಹೆಸರಿದೆ. ತೆಂಕಲಿಂದ ಬಡಗಿಗೆ ಹರಿದರೆ ‘ತೆಂಡಿ’, ಬಡಗಿನಿಂದ ತೆಂಕಲಿಗೆ ಹರಿದರೆ ‘ವನ್ನಿ’. ಅವರು ದಂಡೆಯಲ್ಲಿ ನಿಂತು, ಕಣ್ಣು ಸಣ್ಣ ಮಾಡಿ ನೋಡಿ, “ವೇಣಾಂ ಸಾರ್, ಇನ್ನೈಕ್ಕಿ ಒಣ್ಣುಂ ತೆರಿಯಾದು” ಅಂದರೆ ಮುಗಿಯಿತು. ಬೇಡ ಸಾರ್, ಇವತ್ತು ಏನೂ ಕಾಣಲ್ಲ. ಮನೆಗೆ ಬಂದು ಇಡ್ಲಿ ತಿಂದು ಮಲಗುವುದೇ ಲೇಸು.

ಅವರು ಹೂಂ ಅಂದ ದಿನ ಏನೇನು ಕಾಣುತ್ತದೆ ಗೊತ್ತಾ? ಬಂಡೆಗಳ ಸಂದಿಯಲ್ಲಿ ಕೂತ ಕಳವಾ ಮೀನು, ಬಾಯಿ ತೆರೆದು ಮುಚ್ಚುವ ಹಾವುಮೀನು, ಬೀಸಣಿಗೆ ಬಿಚ್ಚಿದ ಹಾಗೆ ರೆಕ್ಕೆ ಹರಡಿಕೊಂಡು ನಿಲ್ಲುವ ಸಿಂಹಮೀನು (ಮುಟ್ಟಿದರೆ ಮುಳ್ಳಿನ ವಿಷ, ಹುಷಾರು). ಬಂಡೆ ಅಂದುಕೊಂಡಿದ್ದು ಕಣ್ಣು ಬಿಟ್ಟರೆ ಅದು ಚೇಳುಮೀನು. ಹೊಳೆಯುವ ಸಣ್ಣ ಮೀನುಗಳ ಹಿಂಡು ಬಂದರೆ ಎದುರಿನ ಜೊತೆಗಾರನೇ ಕಾಣೋದಿಲ್ಲ. ಇಷ್ಟೆಲ್ಲ, ಒಂದು ಕೋಟಿ ಜನರ ಊರಿನ ಪಕ್ಕದಲ್ಲಿ!

ನೀರೊಳಗೆ ಫೋಟೋ ತೆಗೆಯುವುದಕ್ಕೆ ನಿಯಮ ಕೆಲವೇ. ಏನನ್ನೂ ಮುಟ್ಟಬಾರದು, ಏನನ್ನೂ ತರಬಾರದು, ಉಸಿರು ಹಿಡಿಯಬಾರದು. ತೇಲುವುದು ಸರಿಯಾಗಿ ಬರುವವರೆಗೆ ಕ್ಯಾಮೆರಾ ಕೈಗೆ ತೆಗೆದುಕೊಳ್ಳಲೇಬಾರದು ಅಂತ ಕಲಿಸುವವರು ಹೇಳುತ್ತಾರೆ. ಯಾಕೆಂದರೆ ಕ್ಯಾಮೆರಾ ಕಣ್ಣಿಗೆ ಹಚ್ಚಿಕೊಂಡವನ ಕಾಲು ಎಲ್ಲಿ ಬಡಿಯುತ್ತಿದೆ ಅಂತ ಅವನಿಗೆ ಗೊತ್ತಿರೋದಿಲ್ಲ. ಹತ್ತಾರು ವರ್ಷ ಬೆಳೆದ ಹವಳ ಒಂದು ಒದೆತಕ್ಕೆ ಮುರಿಯುತ್ತದೆ. ಒಳ್ಳೆಯ ಫೋಟೋ ಬೇಕು ಅಂತ ಬುರುಡೆ ಮೀನನ್ನು ಕೆಣಕಿ ಚೆಂಡಿನಂತೆ ಉಬ್ಬಿಸುವವರನ್ನು ನೋಡಿದ್ದೇನೆ. ಅದು ಪ್ರಾಣಭಯದಲ್ಲಿ ಉಬ್ಬುತ್ತದೆ, ನಮಗೆ ಪೋಸ್ ಕೊಡುವುದಕ್ಕಲ್ಲ. ಅಂಥ ಫೋಟೋಗೆ ಬಹುಮಾನ ಬಂದರೂ ನನಗದು ಫೋಟೋ ಅನ್ನಿಸೋದಿಲ್ಲ.

ಇನ್ನು ಪೆಟ್ಟಿಗೆಯ ಆರೈಕೆ. ಮುಚ್ಚಳದ ಸುತ್ತ ಒಂದು ರಬ್ಬರ್ ಬಳೆ ಇರುತ್ತದೆ. ಸಮುದ್ರಕ್ಕೂ ಕ್ಯಾಮೆರಾಕ್ಕೂ ನಡುವೆ ಇರುವುದು ಅದೊಂದೇ. ಹತ್ತು ಮೀಟರ್ ಇಳಿದರೆ ನೀರಿನ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ, ಇಪ್ಪತ್ತಕ್ಕೆ ಮೂರರಷ್ಟು. ಬಳೆಯ ಮೇಲೆ ಒಂದು ಕೂದಲು ಕೂತಿದ್ದರೂ ನೀರು ಒಳಗೆ. ಹಾಗಾಗಿ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ನಾನು ಆ ಬಳೆಗೆ ಸಿಲಿಕೋನ್ ಜಿಡ್ಡು ಹಚ್ಚುತ್ತ ಕೂತರೆ ಯಾರೂ ತಲೆ ಬಾಚಿಕೊಳ್ಳುವ ಹಾಗಿರಲಿಲ್ಲ. “ಮಡಿಯಲ್ಲಿ ದೇವರ ಪೂಜೆಗೆ ಕೂತ ಹಾಗೆ ಕೂರ್ತಾರೆ” ಅಂತ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಇಷ್ಟು ಹೇಳಿದ ಮೇಲೆ ಅಪ್ಪನ ಮಳೆ ಪುಸ್ತಕದ ವಿಷಯ ಹೇಳಬೇಕು. ನಮ್ಮ ಕಡೆ ಅಡಿಕೆ ತೋಟದವರ ಮನೆಗಳಲ್ಲಿ ಮಳೆ ಅಳೆಯುವ ಅಭ್ಯಾಸ ಕೆಲವರಿಗೆ ಇದೆ. ಅಪ್ಪ ಅಂಗಳದ ಮೂಲೆಯಲ್ಲಿ ಮಳೆ ಮಾಪಕ ಇಟ್ಟಿದ್ದ. ಬೆಳಿಗ್ಗೆ ಕಾಫಿಗೂ ಮುಂಚೆ ಅದನ್ನು ನೋಡಿ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದ. ತಾರೀಖು, ಎಷ್ಟು ಮಿಲಿಮೀಟರ್, ಅಷ್ಟೇ. ಕೊಳೆರೋಗ ಬಂದಾಗ ಒಂದು ಸಾಲು, ಗಾಳಿಗೆ ಮರ ಬಿದ್ದಾಗ ಒಂದು ಸಾಲು. ಅಮ್ಮ ಸತ್ತ ದಿನವೂ ಮಳೆ ಎಷ್ಟು ಅಂತ ಬರೆದಿದ್ದಾನೆ, ಪಕ್ಕದಲ್ಲಿ ಬೇರೇನೂ ಇಲ್ಲ. ಚಿಕ್ಕವನಿದ್ದಾಗ ಇದೆಂಥ ಬೇಸರದ ಕೆಲಸ ಅಂತ ಕೇಳಿದ್ದೆ. “ಇವತ್ತಿಗೆ ಬೇಸರ. ಮೂವತ್ತು ವರ್ಷ ಆದಮೇಲೆ ನೋಡು” ಅಂದಿದ್ದ.

ಮುಳುಗುವವರೂ ಒಂದು ಪುಸ್ತಕ ಇಡಬೇಕು. ಎಷ್ಟನೇ ಮುಳುಗು, ಎಲ್ಲಿ, ಯಾವ ತಾರೀಖು, ಎಷ್ಟು ಆಳ, ಎಷ್ಟು ನಿಮಿಷ, ನೀರು ಎಷ್ಟು ದೂರ ಕಾಣುತ್ತಿತ್ತು, ಎಷ್ಟು ಬಿಸಿ ಇತ್ತು. ಕಲಿಯುವಾಗ ಎಲ್ಲರೂ ಬರೆಯುತ್ತಾರೆ, ಐವತ್ತು ಮುಳುಗಾದ ಮೇಲೆ ಹೆಚ್ಚಿನವರು ಬಿಡುತ್ತಾರೆ. ಅಪ್ಪನ ರಕ್ತ ಇರಬೇಕು, ನನಗೆ ಬಿಡಲಾಗಲಿಲ್ಲ. ಜೊತೆಗೆ ಇನ್ನೊಂದು ಅಭ್ಯಾಸ ಬೆಳೆಯಿತು. ಬಣ್ಣ ಸರಿಮಾಡಲು ಬಿಳಿ ಹಲಗೆ ಹಿಡಿಯಬೇಕು ಅಂದೆನಲ್ಲ, ಅದರ ಮೇಲೆ ಪೆನ್ಸಿಲಿನಲ್ಲಿ ತಾರೀಖು, ಆಳ ಬರೆದು, ಇಳಿದ ಕೂಡಲೇ ಸಿಗುವ ಮೊದಲ ಬಂಡೆಗೆ ಒರಗಿಸಿ ಒಂದು ಫೋಟೋ. ಆಮೇಲೆ ಮುಂದಿನ ಕೆಲಸ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವವನಾದ್ದರಿಂದ ಅದೇ ಬಂಡೆ, ಅದೇ ಹಲಗೆ, ತಾರೀಖು ಮಾತ್ರ ಬೇರೆ. ಆ ಫೋಟೋಗಳನ್ನು ಯಾರಿಗೂ ತೋರಿಸಿದ್ದಿಲ್ಲ. ತೋರಿಸುವಂಥದ್ದು ಅದರಲ್ಲೇನಿದೆ?

ಇದೆ ಅಂತ ಮೊದಲು ಅನ್ನಿಸಿದ್ದು 2010ರಲ್ಲಿ. ಆ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಅಂಡಮಾನಿನ ಸಮುದ್ರ ಕಾದುಬಿಟ್ಟಿತು. ಹವಳ ಅಂದರೆ ಕಲ್ಲಲ್ಲ, ಸಣ್ಣ ಸಣ್ಣ ಪ್ರಾಣಿಗಳ ಕೂಡುಕುಟುಂಬ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ, ಬಣ್ಣವೂ ಬಹುಪಾಲು ಅದರದ್ದೇ. ಬೇಸಿಗೆಯ ಮಾಮೂಲಿ ಬಿಸಿಗಿಂತ ನೀರು ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ. ಉಳಿಯುವುದು ಬಿಳಿಯ ಮೈ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಉಪವಾಸದಿಂದ ಸಾಯುತ್ತದೆ.

ಆ ಮೇ ತಿಂಗಳು ನಾನು ಅಲ್ಲಿದ್ದೆ. ನನ್ನ ಮೊದಲ ಬಂಡೆಯ ಪಕ್ಕ ಊಟದ ಮೇಜಿನಷ್ಟು ಅಗಲದ ಹವಳವೊಂದಿತ್ತು. ಇಳಿಯುವಾಗ ದೂರದಿಂದ ಹಿಮ ಬಿದ್ದ ಹಾಗೆ ಕಂಡಿತು. ಎಷ್ಟು ಚೆಂದ ಇತ್ತು ಅಂದರೆ, ಗೊತ್ತಿಲ್ಲದವರು ಅದಕ್ಕೇ ಬಹುಮಾನ ಕೊಟ್ಟುಬಿಡಬಹುದು. ನನ್ನ ಬಿಳಿ ಹಲಗೆ ಆ ಹವಳದ ಎದುರು ಮಾಸಿದಂತೆ ಕಾಣುತ್ತಿತ್ತು. ಎರಡು ವರ್ಷ ಬಿಟ್ಟು ಹೋದಾಗ ಅದರ ಮೇಲೆ ಕಂದು ಪಾಚಿಯ ಕಂಬಳಿ. ಒಂದು ಅಂಚು ಮುರಿದು ಕೆಳಗೆ ಬಿದ್ದಿತ್ತು. ಮೂರೂ ಫೋಟೋ ನನ್ನ ಹತ್ತಿರ ಇವೆ: 2008, 2010, 2012. ಮೂರರಲ್ಲೂ ಅದೇ ಹಲಗೆ.

ಇಲ್ಲೇ ತಮಿಳುನಾಡಿನ ಮನ್ನಾರ್ ಕೊಲ್ಲಿಯ ಹವಳವೂ 2010ರಲ್ಲಿ, ಮತ್ತೆ 2016ರಲ್ಲಿ ಬೆಳ್ಳಗಾಯಿತು. ತೂತ್ತುಕ್ಕುಡಿಯಿಂದ ರಾಮೇಶ್ವರದವರೆಗಿನ 21 ದ್ವೀಪಗಳನ್ನು 1986ರಲ್ಲೇ ಸಾಗರ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದ್ದರು. ದೋಣಿಯನ್ನು, ಬಲೆಯನ್ನು ಕಾವಲುಗಾರ ತಡೆಯಬಲ್ಲ. ಬಿಸಿನೀರಿಗೆ ಗಡಿ ಯಾವುದು? 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇದು ಜಗತ್ತಿನಾದ್ಯಂತ ನಡೆಯುತ್ತಿರುವ ನಾಲ್ಕನೇ ಬಿಳಿಚುವಿಕೆ ಅಂದರು. ನಮ್ಮ ಲಕ್ಷದ್ವೀಪವೂ ಅದರಲ್ಲಿ ಸೇರಿತ್ತು.

ಚೆನ್ನೈನಲ್ಲಿ ಹವಳದ ಚೆಲುವು ಇಲ್ಲ, ನೋವು ಮಾತ್ರ ಇದೆ. 2025ರ ಜನವರಿಯಲ್ಲಿ ಇಲ್ಲಿನ ದಂಡೆಗೆ ನೂರಾರು ಆಲಿವ್ ರಿಡ್ಲೆ ಆಮೆಗಳು ಸತ್ತು ಬಂದು ಬಿದ್ದವು. ಮೊಟ್ಟೆಯಿಡಲು ದಂಡೆಗೆ ಬರುವ ಕಾಲ ಅದು. ಆಮೆಗೂ ಉಸಿರಾಡಲು ಮೇಲೆ ಬರಬೇಕು. ಟ್ರಾಲರ್ ಬಲೆಯಲ್ಲಿ ಸಿಕ್ಕಿದರೆ ಬರಲಾಗದೆ ಮುಳುಗಿ ಸಾಯುತ್ತದೆ. ಬೆಳಿಗ್ಗೆ ನಡೆಯಲು ಹೋದವನು ಬೆಸಂಟ್ ನಗರದವರೆಗೆ ಹೋಗದೆ ವಾಪಸ್ ಬಂದೆ. ನೀರೊಳಗೆ ಅದೇ ಆಮೆ ಒಮ್ಮೆ ನನ್ನ ಪಕ್ಕದಲ್ಲೇ ಹಾದು ಹೋಗಿತ್ತು, ನನ್ನ ಕಡೆ ತಿರುಗಿಯೂ ನೋಡದೆ. ಬಂಡೆಗಳಿಗೆ ಸುತ್ತಿಕೊಂಡ ಹರಕು ಬಲೆಗಳನ್ನಂತೂ ಪ್ರತಿ ಸಲ ನೋಡುತ್ತೇವೆ. ಯಾರೂ ಎಳೆಯದ ಆ ಬಲೆ ಅಲ್ಲೇ ನಿಂತು ಮೀನು ಹಿಡಿಯುತ್ತಲೇ ಇರುತ್ತದೆ. ಚಾಕು ಇಟ್ಟುಕೊಂಡವರು ಕೈಲಾದಷ್ಟು ಕತ್ತರಿಸಿ ತರುತ್ತಾರೆ.

ಈಗ ಈ ಬರಹದ ಕಾರಣ. ಕಳೆದ ವರ್ಷದಿಂದ ನನ್ನ ಎಡಗಿವಿ ಮಾತು ಕೇಳುತ್ತಿಲ್ಲ. ಇಳಿಯುವಾಗ ಮೂಗು ಹಿಡಿದು ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು, ಅದು ಆಗುತ್ತಿಲ್ಲ. ಕಿವಿ ಡಾಕ್ಟರು ಎರಡು ಸಲ ಔಷಧಿ ಕೊಟ್ಟು, ಮೂರನೇ ಸಲ ನೋಡಿ, “ಪೋದುಂ ಸಾರ್” ಅಂದರು. ಸಾಕು ಸಾರ್. ಇನ್ನೂ ಇಳಿದರೆ ಇರುವ ಕೇಳುವಿಕೆಯೂ ಹೋಗುತ್ತದಂತೆ. ಮನೆಗೆ ಬಂದು ಪುಸ್ತಕ ನೋಡಿದೆ. ಕೊನೆಯ ಸಂಖ್ಯೆ 412. ಐನೂರು ಮಾಡಬೇಕು ಅಂತಿತ್ತು. ಹೆಂಡತಿ ಏನೂ ಹೇಳಲಿಲ್ಲ, ಸಂಜೆ ನನಗಿಷ್ಟ ಅಂತ ತೊಡದೇವು ಡಬ್ಬಿ ತೆಗೆದು ಮುಂದಿಟ್ಟಳು. ಊರಿಂದ ತಂದಿಟ್ಟಿದ್ದು. ಮಾತಾಡದೆ ತಿಂದೆವು.

ಆಮೇಲೆ ಎದುರಾದ ಪ್ರಶ್ನೆ, ಈ ಫೋಟೋಗಳನ್ನು ಏನು ಮಾಡುವುದು? ಹತ್ತೊಂಬತ್ತು ವರ್ಷದ್ದು, ಮೂರು ಹಾರ್ಡ್ ಡಿಸ್ಕ್ ತುಂಬ. ಮಕ್ಕಳಿಗೆ ಬೇಡ. ಅವರದ್ದೇ ಫೋನಿನಲ್ಲಿ ಅವರ ಫೋಟೋಗಳಿಗೇ ಜಾಗ ಇಲ್ಲ.

ಆಗ ಅಣ್ಣನ ಮಗಳು ರಜಕ್ಕೆ ಬಂದಳು. ಕಡಲ ಜೀವಶಾಸ್ತ್ರ ಓದುತ್ತಿದ್ದಾಳೆ. ನಾನು ಸಡಗರದಿಂದ ನನ್ನ ಒಳ್ಳೆಯ ಫೋಟೋಗಳನ್ನು ತೋರಿಸಿದೆ. ಸಿಂಹಮೀನಿನ ಹಿಂದೆ ಸೂರ್ಯ, ಗೋಡೆಗೆ ಹಾಕುವಷ್ಟು ದೊಡ್ಡ ಮುದ್ರಣ ಮಾಡಿಸಿದ್ದು. “ಚೆನ್ನಾಗಿದೆ ಚಿಕ್ಕಪ್ಪ” ಅಂದಳು, ಊಟ ಹೇಗಿತ್ತು ಅಂತ ಕೇಳಿದಾಗ ಹೇಳುವ ಧಾಟಿಯಲ್ಲಿ. ಹಾಗೇ ಮೌಸ್ ಒತ್ತುತ್ತ ಹೋದವಳು ಒಂದು ಬಿಳಿ ಹಲಗೆಯ ಫೋಟೋ ಹತ್ತಿರ ನಿಂತಳು.

“ಇದೇನು ಚಿಕ್ಕಪ್ಪ?”

“ಅದು ಬಿಡು, ಬಣ್ಣ ಸರಿಮಾಡೋಕೆ.”

“ಇದೇ ಬಂಡೆದು ಇನ್ನೂ ಇದೆಯಾ?”

“ಪ್ರತಿ ಸಲದ್ದೂ ಇದೆ.”

“ಹಲಗೆ ಎಷ್ಟು ಉದ್ದ?”

“ಇಪ್ಪತ್ತು ಸೆಂಟಿಮೀಟರ್. ಯಾಕೆ?”

ಅವಳು ಉತ್ತರ ಕೊಡದೆ ಕುರ್ಚಿ ಹತ್ತಿರ ಎಳೆದುಕೊಂಡಳು. ಹಲಗೆಯ ಅಳತೆ ಗೊತ್ತಿದ್ದರೆ ಪಕ್ಕದ ಹವಳದ ಅಳತೆಯೂ ಸುಮಾರಾಗಿ ಸಿಗುತ್ತದಂತೆ. ತಾರೀಖು ಇದೆ, ಆಳ ಇದೆ, ಪುಸ್ತಕದಲ್ಲಿ ನೀರಿನ ಬಿಸಿಯೂ ಇದೆ. ರಾತ್ರಿ ಹನ್ನೊಂದರವರೆಗೆ ಕೂತು ಆ ಬೇಸರದ ಫೋಟೋಗಳನ್ನಷ್ಟೇ ಬೇರೆ ಫೋಲ್ಡರಿಗೆ ಹಾಕಿಕೊಂಡಳು. ಸೂರ್ಯನ ಮುಂದಿನ ಸಿಂಹಮೀನನ್ನು ಕೇಳಲೇ ಇಲ್ಲ!

ಅವಳೇ ಒಂದು ವಿಷಯ ಹೇಳಿದಳು. 1995ರಲ್ಲಿ ಡೇನಿಯಲ್ ಪೌಲಿ ಎಂಬ ಮೀನುಗಾರಿಕಾ ವಿಜ್ಞಾನಿ ಬರೆದದ್ದಂತೆ. ಪ್ರತಿ ತಲೆಮಾರೂ ತಾನು ಮೊದಲು ನೋಡಿದ ಸಮುದ್ರವನ್ನೇ ಸರಿಯಾದ ಸಮುದ್ರ ಅಂದುಕೊಳ್ಳುತ್ತದೆ. ಅಪ್ಪ ನೋಡಿದ್ದಕ್ಕಿಂತ ಮಗ ನೋಡುವುದು ಕಡಿಮೆ, ಮೊಮ್ಮಗ ನೋಡುವುದು ಇನ್ನೂ ಕಡಿಮೆ. ಆದರೆ ಪ್ರತಿಯೊಬ್ಬನೂ ತಾನು ಕಂಡಿದ್ದರಿಂದಲೇ ಲೆಕ್ಕ ಶುರು ಮಾಡುವುದರಿಂದ ಎಷ್ಟು ಹೋಯಿತು ಅಂತ ಯಾರಿಗೂ ತಿಳಿಯೋದಿಲ್ಲ. “ನಿನ್ನ ಒಬ್ಬನ ಫೋಟೋ ಇಟ್ಕೊಂಡು ದೊಡ್ಡ ತೀರ್ಮಾನ ಏನೂ ಮಾಡೋಕಾಗಲ್ಲ ಚಿಕ್ಕಪ್ಪ. ಆದ್ರೆ ಮೊದಲು ಹೇಗಿತ್ತು ಅಂತ ಯಾರೂ ಬರೆದಿಡದೇ ಇದ್ರೆ ತೀರ್ಮಾನ ಮಾಡೋ ಪ್ರಶ್ನೆನೇ ಬರಲ್ಲ” ಅಂದಳು. ಅಪ್ಪ ಹೇಳಿದ್ದೂ ಹೆಚ್ಚುಕಡಿಮೆ ಇದೇ ಅಲ್ಲವಾ? ಅವಳು ತನ್ನ ಅಜ್ಜನನ್ನು ನೋಡಿದವಳೇ ಅಲ್ಲ.

ನೋಡಿ, ಬಹುಮಾನದ ಫೋಟೋ ಎಲ್ಲಿ ತೆಗೆದದ್ದು ಅನ್ನುವುದನ್ನೇ ಮರೆಸುವ ಹಾಗಿರುತ್ತದೆ. ನೀಲಿ ಹಿನ್ನೆಲೆ, ಒಂದು ಮೀನು. ಫಿಲಿಪ್ಪೀನ್ಸ್ ಆದರೂ ಸರಿ, ನೇತ್ರಾಣಿ ಆದರೂ ಸರಿ. ತಾರೀಖು ಬರೆದ ಮಂಕು ಫೋಟೋ ಹಾಗಲ್ಲ. ಅದು ಒಂದು ಜಾಗಕ್ಕೆ, ಒಂದು ದಿನಕ್ಕೆ ಸೇರಿದ್ದು. ಚೆಂದದ ಫೋಟೋ ತೆಗೆಯಬೇಡಿ ಅಂತಲ್ಲ. ಆ ಚೆಂದಕ್ಕಾಗಿಯೇ ಇಷ್ಟು ವರ್ಷ ಇಳಿದವನು ನಾನು, ಸಿಂಹಮೀನು ಈಗಲೂ ನಮ್ಮ ಹಾಲಿನ ಗೋಡೆಯಲ್ಲಿದೆ. ಆದರೆ ಮುಂದೆ ಬರುವವರಿಗೆ ಉಪಯೋಗಕ್ಕೆ ಬರುವುದು ಹಲಗೆಯ ಫೋಟೋ ಅಂತ ಈಗ ಖಾತ್ರಿಯಾಗಿದೆ.

ನಿಮ್ಮಲ್ಲಿ ಅನೇಕರು ನೇತ್ರಾಣಿಗೋ, ಅಂಡಮಾನಿಗೋ ಹೋಗುತ್ತೀರಿ. ಒಂದೇ ಸಲ ಮುಳುಗಿ, ಹೆಬ್ಬೆರಳು ಎತ್ತಿ ಫೋಟೋ ಹೊಡೆಸಿಕೊಂಡು ಬರುತ್ತೀರಿ. (ಅಂದ ಹಾಗೆ ನೀರೊಳಗೆ ಹೆಬ್ಬೆರಳು ಎತ್ತಿದರೆ “ಸೂಪರ್” ಅಂತಲ್ಲ, “ಮೇಲೆ ಹೋಗೋಣ” ಅಂತ ಅರ್ಥ. ಕಲಿಸುವವರು ನಿಜವಾಗಿಯೂ ಎಳೆದುಕೊಂಡು ಹೋಗುತ್ತಾರೆ, ಜೋಕೆ!) ಹೊಡೆಸಿಕೊಳ್ಳಿ, ಬೇಡ ಅನ್ನಲ್ಲ. ಜೊತೆಗೆ ನಿಮ್ಮ ಮುಖ ಇಲ್ಲದ, ಮೀನೂ ಇಲ್ಲದ, ಬರೀ ಬಂಡೆಯ ಒಂದು ಫೋಟೋ ತೆಗೆಸಿ. ಹಿಂದೆ ಬಂದ ಮೇಲೆ ಎಲ್ಲಿ, ಯಾವತ್ತು, ಎಷ್ಟು ಆಳ ಅಂತ ಬರೆದಿಡಿ. ಇವತ್ತಿಗೆ ಬೇಸರದ ಕೆಲಸವೇ.

ನಾನು ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಅಪ್ಪನ ಮಳೆ ಪುಸ್ತಕಗಳು ಅಟ್ಟದ ಮೇಲೆ ಇವೆ, ಗೆದ್ದಲು ಹತ್ತುವ ಮೊದಲು ಪುಟ ಪುಟವೂ ಫೋಟೋ ತೆಗೆದು ಇಡಬೇಕು. ಆ ಕೆಲಸಕ್ಕೆ ಕಿವಿಯೇನೂ ಬೇಕಾಗಿಲ್ಲ, ಬಿಳಿ ಹಲಗೆಯೂ ಬೇಡ. ಮನೆಯವರು ಆರಾಮಾಗಿ ತಲೆ ಬಾಚಿಕೊಳ್ಳಬಹುದು.